ಸ್ಪೆಸಿಫಿಕೇಶನ್: ಪದದ ಮೂಲ ಮತ್ತು ಅದನ್ನು ಬರೆಯುವ ಕೆಲಸದಲ್ಲಿ ನನ್ನ ಅನುಭವ

ಯಂತ್ರೋಪಕರಣಗಳ ಖರೀದಿಗೆ ತಾಂತ್ರಿಕ ಸ್ಪೆಸಿಫಿಕೇಶನ್ ಬರೆಯುವುದು, ಬೇರೆಯವರು ಬರೆದದ್ದನ್ನು ಪರಿಶೀಲಿಸುವುದು, ಸರಕು ಬಂದ ಮೇಲೆ ಅದೇ ಕಾಗದವನ್ನು ಮುಂದಿಟ್ಟುಕೊಂಡು ತಪಾಸಣೆಗೆ ನಿಲ್ಲುವುದು, ಈ ಮೂರೂ ನನ್ನ ವೃತ್ತಿಯ ಭಾಗಗಳು. ದಿನಬಳಕೆಯಲ್ಲಿ ನಾವು ಇದನ್ನು ‘ಸ್ಪೆಕ್’ ಎಂದಷ್ಟೇ ಕರೆಯುತ್ತೇವೆ. ಕಿರಿಯ ಸಹೋದ್ಯೋಗಿಗಳು ಈ ಕೆಲಸಕ್ಕೆ ಬಂದಾಗ ಸಾಮಾನ್ಯವಾಗಿ ಹಳೆಯ ಕಡತವೊಂದನ್ನು ತೆರೆದು, ಅದರಲ್ಲಿರುವ ಸಾಲುಗಳನ್ನು ಎತ್ತಿ, ಅಂಕಿಗಳನ್ನು ಬದಲಿಸಿ ಹೊಸದನ್ನು ಸಿದ್ಧಪಡಿಸುತ್ತಾರೆ. ನಾನು ಅವರಿಗೆ ಮೊದಲು ಈ ಪದದ ಹುಟ್ಟನ್ನು ಹೇಳುತ್ತೇನೆ. ಭಾಷಾಶಾಸ್ತ್ರದ ಕುತೂಹಲಕ್ಕಾಗಿ ಹೀಗೆ ಮಾಡುವುದಿಲ್ಲ. ಒಂದು ಸಾಲು ಸ್ಪೆಸಿಫಿಕೇಶನ್ನಿನಲ್ಲಿ ಇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ನನಗೆ ಸಿಕ್ಕಿರುವ ಅತ್ಯಂತ ನಂಬಿಕೆಯ ಅಳತೆಗೋಲು ಆ ಪದದ ಒಳಗೇ ಇದೆ.

ಲ್ಯಾಟಿನ್ ಭಾಷೆಯಲ್ಲಿ ‘ಸ್ಪೆಕೆರೆ’ ಎಂದರೆ ನೋಡುವುದು. ಅದರಿಂದ ಬಂದ ‘ಸ್ಪೆಕಿಯೆಸ್’ ಎಂಬ ನಾಮಪದಕ್ಕೆ ಮೊದಲಿಗೆ ಕಣ್ಣಿಗೆ ಕಾಣುವ ರೂಪ ಎಂಬ ಅರ್ಥವಿತ್ತು. ಒಂದೇ ರೂಪದವು ಒಂದೇ ಗುಂಪಿಗೆ ಸೇರಿದವು ಎಂಬ ತಿಳಿವಳಿಕೆಯಿಂದ ಅದಕ್ಕೆ ಬಗೆ, ಪ್ರಭೇದ ಎಂಬ ಅರ್ಥಗಳೂ ಕೂಡಿಕೊಂಡವು. ಇದಕ್ಕೆ ‘ಮಾಡು’ ಎಂಬ ಅರ್ಥದ ‘ಫಾಕೆರೆ’ ಸೇರಿ ‘ಸ್ಪೆಕಿಫಿಕುಸ್’ ಎಂಬ ಗುಣವಾಚಕವೂ, ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಸ್ಪೆಕಿಫಿಕಾಟಿಯೋ’ ಎಂಬ ನಾಮಪದವೂ ರೂಪುಗೊಂಡವು. ಹೀಗಾಗಿ ಸ್ಪೆಸಿಫಿಕೇಶನ್ ಎಂದರೆ, ಅಕ್ಷರಶಃ, ಒಂದು ವಸ್ತು ಯಾವ ಬಗೆಯದೆಂಬುದು ಕಣ್ಣಿಗೆ ಕಾಣುವಂತೆ ಮಾಡುವುದು.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದರ ನಂಟಸ್ತಿಕೆ. ತಪಾಸಣೆಗೆ ನಾವು ಬಳಸುವ ‘ಇನ್‌ಸ್ಪೆಕ್ಷನ್’ ಎಂಬ ಪದವೂ ‘ಸ್ಪೆಕೆರೆ’ ಎಂಬ ಅದೇ ಕ್ರಿಯಾಪದದಿಂದ ಬಂದದ್ದು. ಒಳಹೊಕ್ಕು ನೋಡುವುದು ಎಂಬುದು ಅದರ ಮೂಲಾರ್ಥ. ಸಂಸ್ಕೃತದಲ್ಲಿ ಈ ಲ್ಯಾಟಿನ್ ಧಾತುವಿನ ಒಡಹುಟ್ಟು ‘ಸ್ಪಶ್’. ‘ಪಶ್ಯತಿ’ ಎಂಬ ರೂಪ ಅದೇ ಬಳಗದ್ದು. ಗೂಢಚಾರನಿಗೆ ‘ಸ್ಪಶ’ ಎಂಬ ಹೆಸರು ಬಂದದ್ದೂ ಇಲ್ಲಿಂದಲೇ. ನಾವು ಕನ್ನಡದಲ್ಲಿ ನಿತ್ಯ ಬಳಸುವ ‘ಸ್ಪಷ್ಟ’ ಎಂಬ ಪದ ಈ ಧಾತುವಿನ ಭೂತಕೃದಂತ, ಅಂದರೆ ಚೆನ್ನಾಗಿ ಕಾಣಿಸಿದ್ದು ಎಂದರ್ಥ. ಆದ್ದರಿಂದ ‘ಸ್ಪಷ್ಟವಾದ ಸ್ಪೆಸಿಫಿಕೇಶನ್ ಬರೆಯಿರಿ’ ಎಂದು ಯಾರಾದರೂ ಹೇಳಿದಾಗ ಅವರು ದೂರದ ಇಬ್ಬರು ಬಂಧುಗಳನ್ನು ಒಂದೇ ವಾಕ್ಯದಲ್ಲಿ ಕೂರಿಸಿರುತ್ತಾರೆ. ಬರೆಯುವವನೂ ತಪಾಸಣೆ ಮಾಡುವವನೂ ಒಂದೇ ‘ನೋಟ’ದ ಎರಡು ತುದಿಗಳಲ್ಲಿ ಇರುವವರು ಎಂಬುದನ್ನು ನಾನು ಈ ವ್ಯುತ್ಪತ್ತಿಯಿಂದ ಪಡೆದುಕೊಂಡೆ, ಮತ್ತು ನನ್ನ ಬರವಣಿಗೆಯ ಕ್ರಮವನ್ನು ಅದರ ಮೇಲೆಯೇ ಕಟ್ಟಿಕೊಂಡೆ.

ರೋಮನ್ ಕಾನೂನಿನ ವ್ಯಾಖ್ಯಾನಕಾರರಲ್ಲಿ ಇದೇ ಪದಕ್ಕೆ ಬೇರೊಂದು ಬಳಕೆಯೂ ಇತ್ತು. ಒಬ್ಬರ ದ್ರಾಕ್ಷಿಯಿಂದ ಇನ್ನೊಬ್ಬರು ಮದ್ಯ ತಯಾರಿಸಿದರೆ, ಒಬ್ಬರ ಬೆಳ್ಳಿಯಿಂದ ಇನ್ನೊಬ್ಬರು ಪಾತ್ರೆ ಮಾಡಿದರೆ, ಆ ಹೊಸ ವಸ್ತುವಿನ ಒಡೆತನ ಯಾರದು ಎಂಬ ಪ್ರಶ್ನೆಗೆ ಅವರು ‘ಸ್ಪೆಕಿಫಿಕಾಟಿಯೋ’ ಎಂಬ ಹೆಸರಿಟ್ಟರು. ವಸ್ತುವನ್ನು ಮತ್ತೆ ಮೂಲದ ಕಚ್ಚಾ ಸಾಮಗ್ರಿಯಾಗಿ ಮಾಡಲು ಸಾಧ್ಯವಿದ್ದರೆ ಅದು ಸಾಮಗ್ರಿಯ ಒಡೆಯನದು, ಸಾಧ್ಯವಿಲ್ಲದಿದ್ದರೆ ತಯಾರಿಸಿದವನದು ಎಂಬ ನಡುದಾರಿಯನ್ನು 6ನೇ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಸಂಹಿತೆ ಹಿಡಿಯಿತು. ನಮ್ಮ ಕೆಲಸಕ್ಕೆ ಇದರ ನೇರ ಉಪಯೋಗ ಕಡಿಮೆ.

ಹೆಚ್ಚು ಉಪಯೋಗವಿರುವುದು ಪೇಟೆಂಟಿನ ಚರಿತ್ರೆಯಲ್ಲಿ. ಇಂಗ್ಲೆಂಡಿನಲ್ಲಿ 1711ರಲ್ಲಿ ಜಾನ್ ನಾಸ್ಮಿತ್ ಎಂಬಾತನಿಗೆ ನೀಡಿದ ಪೇಟೆಂಟಿನಲ್ಲಿ, ಆವಿಷ್ಕಾರದ ವಿವರಣೆಯನ್ನು ಬರಹದಲ್ಲಿ ದಾಖಲಿಸಬೇಕೆಂಬ ಷರತ್ತನ್ನು ಹಾಕಲಾಯಿತು. ಮುಂದಿನ ದಶಕಗಳಲ್ಲಿ ಇದು ರೂಢಿಯಾಯಿತು, ಮತ್ತು ಆ ಬರಹಕ್ಕೆ ಸ್ಪೆಸಿಫಿಕೇಶನ್ ಎಂಬ ಹೆಸರೇ ನಿಂತಿತು. ಆದರೆ ಎಷ್ಟು ವಿವರ ಸಾಕು? 1778ರಲ್ಲಿ ಲಿಯಾರ್ಡೆಟ್ ಮತ್ತು ಜಾನ್ಸನ್ ನಡುವಿನ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅವರು ಅದಕ್ಕೆ ಗಟ್ಟಿಯಾದ ಮಾನದಂಡವನ್ನು ಮುಂದಿಟ್ಟರು: ಪೇಟೆಂಟಿನ ಅವಧಿ ಮುಗಿದ ಮೇಲೆ ಆ ಬರಹವನ್ನು ಓದಿ ಆ ಕಸುಬಿನ ಬೇರೆಯವರು ವಸ್ತುವನ್ನು ತಯಾರಿಸಲು ಸಾಧ್ಯವಾಗಬೇಕು. ಜೇಮ್ಸ್ ವಾಟ್ ಅವರು ಉಗಿಯಂತ್ರದ ತಮ್ಮ ಪ್ರತ್ಯೇಕ ಕಂಡೆನ್ಸರ್‌ಗೆ, ಅಂದರೆ ಉಗಿಯನ್ನು ತಣಿಸಿ ನೀರಾಗಿಸುವ ಭಾಗಕ್ಕೆ, 1769ರಲ್ಲಿ ಪಡೆದ ಪೇಟೆಂಟಿನ ಸ್ಪೆಸಿಫಿಕೇಶನ್ ತತ್ತ್ವಗಳನ್ನಷ್ಟೇ ಹೇಳಿ ನಕ್ಷೆಗಳಿಲ್ಲದೆ ಮುಗಿದಿತ್ತು. 1790ರ ದಶಕದಲ್ಲಿ ವಾಟ್ ಪಕ್ಷ ಹೂಡಿದ ಮೊಕದ್ದಮೆಗಳಲ್ಲಿ ಎದುರಾಳಿಗಳು ಅದೇ ಕೊರತೆಯನ್ನು ಹಿಡಿದು ವಾದಿಸಿದರು. ವಾಟ್ ಪಕ್ಷ ಕೊನೆಗೆ ಗೆದ್ದಿತಾದರೂ, ಓದುಗನ ಸಾಮರ್ಥ್ಯವೇ ಬರಹದ ಅಳತೆ ಎಂಬ ಮಾತು ಕಾನೂನಿನಲ್ಲಿ ನೆಲೆಯೂರಿತು. ನಾನು ಬರೆಯುವ ಪ್ರತಿ ಸಾಲಿಗೂ ಒಬ್ಬ ಓದುಗನನ್ನು ಎದುರಿಗೆ ಕಲ್ಪಿಸಿಕೊಳ್ಳುತ್ತೇನೆ: ನನ್ನನ್ನು ಎಂದೂ ಭೇಟಿಯಾಗದ, ನನಗೆ ದೂರವಾಣಿ ಕರೆ ಮಾಡಲಾಗದ, ಆದರೆ ತನ್ನ ಕಸುಬನ್ನು ಬಲ್ಲ ಒಬ್ಬ ತಯಾರಕ.

ಕನ್ನಡದಲ್ಲಿ ಈ ಪದಕ್ಕೆ ಹಲವು ಸಮಾನ ಪದಗಳು ಓಡಾಡುತ್ತಿವೆ: ತಾಂತ್ರಿಕ ವಿವರಣೆ, ನಿರ್ದಿಷ್ಟತೆ, ವಿನಿರ್ದೇಶ, ವಿಶೇಷಣ. ‘ವಿವರಣೆ’ಯ ಮೂಲಾರ್ಥ ಮುಚ್ಚಿದ್ದನ್ನು ತೆರೆದಿಡುವುದು, ‘ನಿರ್ದಿಷ್ಟ’ದಲ್ಲಿ ಬೆರಳು ಮಾಡಿ ತೋರಿಸುವ ‘ದಿಶ್’ ಧಾತುವಿದೆ, ‘ವಿಶೇಷಣ’ದಲ್ಲಿ ಉಳಿದವುಗಳಿಂದ ಬೇರ್ಪಡಿಸುವ ಅರ್ಥವಿದೆ. ನನ್ನ ಬರಹದಲ್ಲಿ ದಸ್ತಾವೇಜಿಗೆ ‘ತಾಂತ್ರಿಕ ನಿರ್ದಿಷ್ಟತೆ’ ಎಂದೂ ಅದರೊಳಗಿನ ಒಂದೊಂದು ಅಂಶಕ್ಕೆ ‘ವಿಶೇಷಣ’ ಎಂದೂ ಬಳಸುತ್ತೇನೆ, ಏಕೆಂದರೆ ಆ ಅಂಶಗಳು ಮಾಡುವ ಕೆಲಸ ನಿಜಕ್ಕೂ ಬೇರ್ಪಡಿಸುವುದೇ. ‘ಪಂಪ್’ ಎಂದಾಗ ಜಗತ್ತಿನ ಎಲ್ಲ ಪಂಪುಗಳೂ ಕಣದಲ್ಲಿ ಇರುತ್ತವೆ. ಮುಂದೆ ಬರೆಯುವ ಪ್ರತಿಯೊಂದು ಸಾಲೂ ಕೆಲವನ್ನು ಹೊರಗೆ ಕಳಿಸಬೇಕು. ಯಾವುದನ್ನೂ ಹೊರಗೆ ಕಳಿಸದ ಸಾಲಿಗೆ ಅಲ್ಲಿ ಜಾಗವಿಲ್ಲ. ‘ಪಂಪ್ ಉತ್ತಮ ಗುಣಮಟ್ಟದ್ದಾಗಿರಬೇಕು’ ಎಂಬ ವಾಕ್ಯವನ್ನು ನಾನು ಕಂಡಲ್ಲೆಲ್ಲ ಅಳಿಸುವುದು ಈ ಕಾರಣಕ್ಕಾಗಿ: ತನ್ನ ಪಂಪ್ ಕಳಪೆ ಎಂದು ಯಾವ ತಯಾರಕನೂ ಹೇಳುವುದಿಲ್ಲ.

ಇಲ್ಲಿ ನನಗೆ ಅಪಾರವಾಗಿ ನೆರವಾಗಿರುವುದು ನ್ಯಾಯಶಾಸ್ತ್ರದ, ಅಂದರೆ ಭಾರತೀಯ ತರ್ಕಶಾಸ್ತ್ರದ, ಲಕ್ಷಣ ವಿಚಾರ. ಒಂದು ವಸ್ತುವಿನ ಲಕ್ಷಣವನ್ನು ಹೇಳುವಾಗ ಮೂರು ದೋಷಗಳು ಬರಬಹುದೆಂದು ತಾರ್ಕಿಕರು ಗುರುತಿಸಿದ್ದಾರೆ. ಹಸುವಿನ ಲಕ್ಷಣವನ್ನು ‘ಕೊಂಬುಳ್ಳದ್ದು’ ಎಂದರೆ ಅದು ಎಮ್ಮೆಗೂ ಅನ್ವಯಿಸಿ ಅತಿವ್ಯಾಪ್ತಿಯಾಗುತ್ತದೆ. ‘ಕಪಿಲ ಬಣ್ಣದ್ದು’ ಎಂದರೆ ಬಿಳಿಯ ಹಸು ಹೊರಗುಳಿದು ಅವ್ಯಾಪ್ತಿಯಾಗುತ್ತದೆ. ‘ಒಂದೇ ಗೊರಸಿನದು’ ಎಂದರೆ ಯಾವ ಹಸುವಿಗೂ ಹೊಂದದೆ ಅಸಂಭವವಾಗುತ್ತದೆ. ಸ್ಪೆಸಿಫಿಕೇಶನ್ ಪರಿಶೀಲನೆಗೆ ಕುಳಿತಾಗ ನಾನು ಪ್ರತಿ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಈ ಮೂರರಲ್ಲಿ ಒಂದರ ಎರಡನೆಯ ಅಕ್ಷರವನ್ನು ಗುರುತು ಮಾಡುತ್ತೇನೆ: ಮೂರೂ ‘ಅ’ದಿಂದಲೇ ಆರಂಭವಾಗುವುದರಿಂದ ಅತಿವ್ಯಾಪ್ತಿಗೆ ‘ತಿ’, ಅವ್ಯಾಪ್ತಿಗೆ ‘ವ್ಯಾ’, ಅಸಂಭವಕ್ಕೆ ‘ಸಂ’. ಬೇಡದ ಸರಕನ್ನು ಒಳಗೆ ಬಿಟ್ಟುಕೊಳ್ಳುವ ಸಾಲು ಮೊದಲನೆಯದು. ಬೇಕಾದ ಸರಕನ್ನು ಕಾರಣವಿಲ್ಲದೆ ತಡೆಯುವುದು ಎರಡನೆಯದು, ಒಂದೇ ಕಂಪನಿಯ ಮಾದರಿಯ ಅಳತೆಗಳನ್ನು ಹಾಗೆಯೇ ನಕಲು ಮಾಡಿದ ಸ್ಪೆಕ್‌ಗಳೆಲ್ಲ ಇದಕ್ಕೇ ಸೇರುತ್ತವೆ. ಒಂದನ್ನೊಂದು ಹೊಡೆದುಹಾಕುವ ಎರಡು ಸಾಲುಗಳು ಸೇರಿದಾಗ ಮೂರನೆಯದು ಹುಟ್ಟುತ್ತದೆ. ಈ ವಿಂಗಡಣೆಯಷ್ಟು ಚಿಕ್ಕದಾದ, ಆದರೆ ಏನನ್ನೂ ಬಿಡದ ಪರಿಶೀಲನಾ ಪಟ್ಟಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇನ್ನು ಬರೆಯುವ ಕ್ರಮದ ವಿಚಾರ. ನಾನು ಸ್ಪೆಸಿಫಿಕೇಶನ್ನನ್ನು ಕೊನೆಯಿಂದ ಆರಂಭಿಸುತ್ತೇನೆ. ಪುಟವನ್ನು ಎರಡು ಕಂಬಸಾಲುಗಳಾಗಿ ಮಾಡಿ, ಬಲಗಡೆ ಮೊದಲು ‘ಸರಕು ಬಂದ ದಿನ ಇದನ್ನು ಹೇಗೆ ನೋಡುತ್ತೇನೆ’ ಎಂಬುದನ್ನು ಬರೆಯುತ್ತೇನೆ. ಆಮೇಲೆ ಎಡಗಡೆ ಅದಕ್ಕೆ ತಕ್ಕ ವಿಶೇಷಣವನ್ನು ಬರೆಯುತ್ತೇನೆ. ಬಲಗಡೆ ಬರೆಯಲು ಏನೂ ಹೊಳೆಯದಿದ್ದರೆ ಎಡಗಡೆಯ ಸಾಲು ಇನ್ನೂ ಹುಟ್ಟಿಲ್ಲವೆಂದೇ ಅರ್ಥ. ನೋಡುವುದೆಂದರೆ ಬರಿಗಣ್ಣಿನಿಂದಲೇ ಆಗಬೇಕಿಲ್ಲ. ಅಳೆಯುವುದು, ಓಡಿಸಿ ನೋಡುವುದು, ಲೆಕ್ಕ ಹಾಕುವುದು, ಪ್ರಯೋಗಾಲಯದ ಪ್ರಮಾಣಪತ್ರವನ್ನು ಪರಿಶೀಲಿಸುವುದು, ಇವೆಲ್ಲವೂ ನೋಟವೇ.

ಬಯಲಿನಲ್ಲಿ ನಿಲ್ಲಿಸುವ ವಿದ್ಯುತ್ ನಿಯಂತ್ರಣ ಪೆಟ್ಟಿಗೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ಪೆಟ್ಟಿಗೆ ವಾಟರ್‌ಪ್ರೂಫ್ ಆಗಿರಬೇಕು’ ಎಂದು ಬರೆದರೆ ಬಲಗಡೆ ಏನನ್ನೂ ಬರೆಯಲಾಗದು. ಮಳೆಯೇ, ಪೈಪಿನಿಂದ ಬಿಡುವ ನೀರೇ, ಮುಳುಗುವುದೇ? ಇದಕ್ಕಾಗಿಯೇ ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕವು ಐಪಿ ಸಂಕೇತಗಳನ್ನು ಕೊಟ್ಟಿದೆ. ಅದರ ಮೊದಲ ಅಂಕಿ ಧೂಳು ಮತ್ತು ಘನವಸ್ತುಗಳಿಂದ ರಕ್ಷಣೆಯನ್ನೂ, ಎರಡನೆಯದು ನೀರಿನಿಂದ ರಕ್ಷಣೆಯನ್ನೂ ಸೂಚಿಸುತ್ತದೆ. ಎರಡನೆಯ ಅಂಕಿ 5 ಇದ್ದರೆ 6.3 ಮಿಲಿಮೀಟರ್ ಬಾಯಿಯ ನಳಿಕೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಎಲ್ಲ ದಿಕ್ಕುಗಳಿಂದ ಚಿಮ್ಮಿಸಿ ಪರೀಕ್ಷಿಸುತ್ತಾರೆ. 7 ಇದ್ದರೆ 1 ಮೀಟರ್‌ವರೆಗಿನ ಆಳದಲ್ಲಿ 30 ನಿಮಿಷ ಮುಳುಗಿಸುತ್ತಾರೆ. ಅನೇಕರು ದೊಡ್ಡ ಅಂಕಿಯೇ ಹೆಚ್ಚು ಸುರಕ್ಷಿತವೆಂದು ಐಪಿ67 ಎಂದು ಬರೆದುಬಿಡುತ್ತಾರೆ. ಆದರೆ ಆ ಮಾನಕದ ಪ್ರಕಾರ ಮುಳುಗುವ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಚಿಮ್ಮುವ ನೀರಿನ ಪರೀಕ್ಷೆಯಲ್ಲೂ ತೇರ್ಗಡೆಯಾಗಿದೆ ಎಂದು ಭಾವಿಸುವಂತಿಲ್ಲ. ಎರಡೂ ಬೇಕಿದ್ದರೆ ಐಪಿ65/ಐಪಿ67 ಎಂದು ಎರಡನ್ನೂ ಹೇಳಬೇಕು. ಪೈಪಿನಿಂದ ತೊಳೆಯುವ ಜಾಗದಲ್ಲಿ, ಎಂದಿಗೂ ಮುಳುಗದ ಪೆಟ್ಟಿಗೆಗೆ ಐಪಿ65 ಎಂದು ಬರೆಯುವುದೇ ಸರಿ. ಅಲ್ಲಿ ಐಪಿ67 ಎಂದಷ್ಟೇ ಬರೆದರೆ ಒಂದೇ ಸಾಲಿನಲ್ಲಿ ಅವ್ಯಾಪ್ತಿಯೂ ಅತಿವ್ಯಾಪ್ತಿಯೂ ಕೂಡಿಬರುತ್ತವೆ: ಐಪಿ65ರ ಯೋಗ್ಯ ಪೆಟ್ಟಿಗೆ ಹೊರಗುಳಿಯುತ್ತದೆ, ಚಿಮ್ಮುವ ನೀರನ್ನು ತಡೆಯಲಾಗದ ಪೆಟ್ಟಿಗೆ ಒಳಗೆ ಬರಬಹುದು.

ಅಂಕಿ ಹಾಕಿದ ಮಾತ್ರಕ್ಕೆ ಸಾಲು ನಿಖರವಾಗುವುದಿಲ್ಲ. ಅಂಕಿಯ ಜೊತೆಗೆ ಮಾನ, ಸಹ್ಯಮಿತಿ ಅಂದರೆ ಟಾಲರೆನ್ಸ್ (ಒಪ್ಪಬಹುದಾದ ಹೆಚ್ಚುಕಡಿಮೆ), ಯಾವ ಪರಿಸ್ಥಿತಿಯಲ್ಲಿ ಅಳೆಯಬೇಕು ಎಂಬುದು, ಯಾವ ವಿಧಾನದಿಂದ ಅಳೆಯಬೇಕು ಎಂಬುದು ಇರಬೇಕು. ನಕ್ಷೆಯ ಮೇಲೆ 25 ಮಿಲಿಮೀಟರ್ ರಂಧ್ರ ಎಂದಷ್ಟೇ ಬರೆದು, ಐಎಸ್‌ಒ 2768ರ ಮಧ್ಯಮ ದರ್ಜೆಯನ್ನು ಸಾಮಾನ್ಯ ಸಹ್ಯಮಿತಿಯಾಗಿ ನಮೂದಿಸಿದ್ದರೆ 24.8ರಿಂದ 25.2ರವರೆಗಿನ ಯಾವ ರಂಧ್ರವೂ ಸರಿಯೇ. ಅದೇ ರಂಧ್ರಕ್ಕೆ ಎಚ್7 ಎಂಬ ಬಿಗಿಯಾದ ಸಹ್ಯಮಿತಿಯ ಸಂಕೇತವನ್ನು ಸೇರಿಸಿದರೆ 25.000ರಿಂದ 25.021ರ ನಡುವೆ ಇರಬೇಕು. ತಯಾರಿಸುವ ಯಂತ್ರ, ಅಳೆಯುವ ಗೇಜ್, ತಗಲುವ ವೆಚ್ಚ, ಎಲ್ಲವೂ ಆ ಒಂದು ಸಂಕೇತದಿಂದ ಬದಲಾಗುತ್ತವೆ. ಪಂಪಿನ ವಿಷಯದಲ್ಲೂ ಹಾಗೆಯೇ: ನಿಮಿಷಕ್ಕೆ ಇಷ್ಟು ಲೀಟರ್ ಎಂದರೆ ಎಷ್ಟು ಮೀಟರ್ ಹೆಡ್‌ನಲ್ಲಿ, ಅಂದರೆ ನೀರನ್ನು ಎಷ್ಟು ಎತ್ತರಕ್ಕೆ ತಳ್ಳುವಾಗ, ಎಂಬುದು ಜೊತೆಗಿರಲೇಬೇಕು, ಮತ್ತು ಪಂಪ್ ಪರೀಕ್ಷೆಯ ಮಾನಕವಾದ ಐಎಸ್‌ಒ 9906ರ ಯಾವ ದರ್ಜೆಯ ಪರೀಕ್ಷೆ ಎಂದು ಹೇಳದಿದ್ದರೆ ಎಷ್ಟು ಹೆಚ್ಚುಕಡಿಮೆ ಒಪ್ಪಬಹುದೆಂಬ ಜಗಳ ತಪಾಸಣೆಯ ದಿನ ಆರಂಭವಾಗುತ್ತದೆ.

ಚಿಕ್ಕದಾಗಿಯೂ ಬಲವಾಗಿಯೂ ಬರೆದ ಸ್ಪೆಸಿಫಿಕೇಶನ್ನಿಗೆ ಮಾದರಿ ಕೇಳಿದವರಿಗೆ ನಾನು ಅಮೆರಿಕದ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ ಕೋರ್ 1907ರ ಡಿಸೆಂಬರ್ 23ರಂದು ಹೊರಡಿಸಿದ 486ನೇ ಸಂಖ್ಯೆಯ ದಸ್ತಾವೇಜನ್ನು ತೋರಿಸುತ್ತೇನೆ. ಗಾಳಿಗಿಂತ ಭಾರವಾದ ಹಾರುವ ಯಂತ್ರಕ್ಕಾಗಿ ಕರೆದ ಟೆಂಡರ್ ಅದು. ಒಟ್ಟು 350 ಪೌಂಡ್ ತೂಕದ ಇಬ್ಬರನ್ನು ಹೊರಬೇಕು, 125 ಮೈಲಿಗೆ ಸಾಕಾಗುವಷ್ಟು ಇಂಧನವಿರಬೇಕು, ನಿಶ್ಚಲ ಗಾಳಿಯಲ್ಲಿ ಗಂಟೆಗೆ 40 ಮೈಲಿ ವೇಗವಿರಬೇಕು, ಕನಿಷ್ಠ ಒಂದು ಗಂಟೆ ಹಾರಿ ತೋರಿಸಬೇಕು. ವೇಗವನ್ನು ಹೇಗೆ ಅಳೆಯಲಾಗುವುದೆಂಬುದೂ ಅದರಲ್ಲೇ ಇದೆ: 5 ಮೈಲಿಗಿಂತ ಉದ್ದದ ಗುರುತಿಸಿದ ದಾರಿಯಲ್ಲಿ ಗಾಳಿಗೆ ಎದುರಾಗಿಯೂ ಗಾಳಿಯ ಜೊತೆಗೂ ಹಾರಿಸಿ ಸರಾಸರಿ ತೆಗೆಯುವುದು. ಇನ್ನೂ ಸೊಗಸಾದದ್ದು ಬೆಲೆಯ ಸೂತ್ರ. 40ಕ್ಕಿಂತ ಒಂದೊಂದು ಮೈಲಿ ಕಡಿಮೆಯಾದಂತೆ ಬೆಲೆಯಲ್ಲಿ ಶೇ. 10 ಕಡಿತ, 36ಕ್ಕಿಂತ ಕಡಿಮೆಯಾದರೆ ತಿರಸ್ಕಾರ, 40ಕ್ಕಿಂತ ಹೆಚ್ಚಾದ ಪ್ರತಿ ಮೈಲಿಗೆ ಶೇ. 10 ಹೆಚ್ಚಳ. ರೈಟ್ ಸಹೋದರರು 25,000 ಡಾಲರ್‌ಗೆ ಒಪ್ಪಿಕೊಂಡು, 1909ರಲ್ಲಿ ಫೋರ್ಟ್ ಮೈಯರ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಗಂಟೆಗೆ 42 ಮೈಲಿಯನ್ನು ದಾಟಿ, ಒಟ್ಟು 30,000 ಡಾಲರ್ ಪಡೆದರು. ಯಂತ್ರವನ್ನು ಹೇಗೆ ಕಟ್ಟಬೇಕು, ರೆಕ್ಕೆ ಎಷ್ಟಿರಬೇಕು, ಎಂಜಿನ್ ಎಲ್ಲಿರಬೇಕು ಎಂಬ ಬಗ್ಗೆ ಆ ದಸ್ತಾವೇಜು ಬಾಯಿ ಹಾಕುವುದಿಲ್ಲ.

ಅದೇ ದಸ್ತಾವೇಜಿನಲ್ಲಿ, ಬುದ್ಧಿವಂತನಾದ ಒಬ್ಬ ಮನುಷ್ಯನು ಸಮಂಜಸವಾದ ಅವಧಿಯಲ್ಲಿ ಯಂತ್ರದ ಬಳಕೆಯಲ್ಲಿ ಪಳಗುವಷ್ಟು ಅದರ ರಚನೆ ಸರಳವಾಗಿರಬೇಕು ಎಂಬ ಸಾಲೂ ಇದೆ. ನನ್ನ ಪರೀಕ್ಷೆಯಲ್ಲಿ ಈ ಸಾಲು ನಿಲ್ಲುವುದಿಲ್ಲ. ಬುದ್ಧಿವಂತ ಯಾರು, ಸಮಂಜಸವಾದ ಅವಧಿ ಎಷ್ಟು? ನಾನಾಗಿದ್ದರೆ ಕಲಿಯುವವರ ಪೂರ್ವಾನುಭವ, ಕಲಿಕೆಯ ಗಂಟೆಗಳು, ಕೊನೆಯಲ್ಲಿ ಅವರು ಒಬ್ಬರೇ ಮಾಡಿ ತೋರಿಸಬೇಕಾದ ಕೆಲಸ, ಇವುಗಳನ್ನು ಹೇಳಿ ಅದನ್ನು ತಪಾಸಣೆಗೆ ಒಗ್ಗಿಸುತ್ತಿದ್ದೆ. ಬಳಕೆಯ ಸುಲಭತೆಯನ್ನು ಅಳೆಯಲಾಗದು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾರು, ಯಾವ ಕೆಲಸ, ಎಷ್ಟು ಹೊತ್ತು ಎಂಬ ಮೂರನ್ನು ಹೇಳಿದರೆ ಅದೂ ಕಣ್ಣಿಗೆ ಬೀಳುತ್ತದೆ.

ಏನು ಬೇಕು ಎಂಬುದನ್ನು ಹೇಳಿ, ಹೇಗೆ ಮಾಡಬೇಕು ಎಂಬುದನ್ನು ತಯಾರಕನಿಗೆ ಬಿಡುವುದು ಒಳ್ಳೆಯ ನಡೆ ಎಂಬುದರ ಹಿಂದೆ ಹೊಣೆಗಾರಿಕೆಯ ಲೆಕ್ಕವೂ ಇದೆ. ಅಮೆರಿಕದ ಸುಪ್ರೀಂ ಕೋರ್ಟ್ 1918ರಲ್ಲಿ ಸ್ಪಿಯರಿನ್ ಎಂಬ ಗುತ್ತಿಗೆದಾರನ ಪ್ರಕರಣದಲ್ಲಿ, ಮಾಲೀಕನು ಕೊಟ್ಟ ನಕ್ಷೆ ಮತ್ತು ಸ್ಪೆಸಿಫಿಕೇಶನ್‌ಗಳಿಗೆ ಅನುಸಾರವಾಗಿ ಕಟ್ಟಿದ ಗುತ್ತಿಗೆದಾರನು ಅವುಗಳೊಳಗಿನ ದೋಷದ ಪರಿಣಾಮಕ್ಕೆ ಹೊಣೆಯಾಗುವುದಿಲ್ಲ ಎಂದು ಹೇಳಿತು. ಅಂದರೆ ‘ಹೇಗೆ’ ಎಂಬುದನ್ನು ಬರೆದವನು ಅದರ ಫಲಿತಾಂಶವನ್ನೂ ಹೊರಬೇಕಾಗುತ್ತದೆ. ನಾನು ‘ಹೇಗೆ’ ಎಂಬುದನ್ನು ಬರೆಯುವುದು ಈಗಾಗಲೇ ಇರುವ ಯಂತ್ರದೊಂದಿಗೆ ಜೋಡಣೆಯಾಗಬೇಕಾದ ಕಡೆ ಮಾತ್ರ: ಫ್ಲ್ಯಾಂಜಿನ ರಂಧ್ರಗಳ ಅಂತರ, ವೋಲ್ಟೇಜ್, ಸಂವಹನದ ಪ್ರೋಟೋಕಾಲ್ ಇತ್ಯಾದಿ. ‘ಇತ್ಯಾದಿ’ ಎಂಬ ಪದವನ್ನು ಈ ಲೇಖನದಲ್ಲಿ ಬಳಸಿದ್ದೇನೆ. ಸ್ಪೆಸಿಫಿಕೇಶನ್ನಿನಲ್ಲಿ ಎಂದೂ ಬಳಸುವುದಿಲ್ಲ.

ಕನ್ನಡದಲ್ಲಿ ಬರೆಯುವಾಗ ವಿಶೇಷ ಎಚ್ಚರ ಬೇಕಾಗುವುದು ಕ್ರಿಯಾಪದಗಳ ಬಗ್ಗೆ. ಅಂತರ್ಜಾಲದ ತಾಂತ್ರಿಕ ಮಾನಕಗಳಿಗಾಗಿ 1997ರಲ್ಲಿ ಬಂದ ಆರ್‌ಎಫ್‌ಸಿ 2119 ಎಂಬ ಪುಟ್ಟ ದಸ್ತಾವೇಜು ಕಡ್ಡಾಯ, ಶಿಫಾರಸು, ಐಚ್ಛಿಕ ಎಂಬ ಮೂರು ಮಟ್ಟಗಳಿಗೆ ಬೇರೆ ಬೇರೆ ಪದಗಳನ್ನು ಗೊತ್ತುಮಾಡಿ, ಬರೆಯುವವರು ಅವುಗಳನ್ನು ಅದೇ ಅರ್ಥದಲ್ಲಿ ಬಳಸುವಂತೆ ಮಾಡಿತು. ಕನ್ನಡದ ‘ಬೇಕು’ ಬಯಕೆಯನ್ನೂ ಕಡ್ಡಾಯವನ್ನೂ ಹೇಳುತ್ತದೆ. ‘ಬಹುದು’ ಅನುಮತಿಯನ್ನೂ ಸಂಭವವನ್ನೂ ಹೇಳುತ್ತದೆ. ‘ಹೊರಕವಚ 60 ಡಿಗ್ರಿಯವರೆಗೆ ಬಿಸಿಯಾಗಬಹುದು’ ಎಂಬುದು ಎಚ್ಚರಿಕೆಯೋ ಮಿತಿಯೋ ಎಂದು ಓದುಗ ಊಹಿಸಬೇಕಾಗುತ್ತದೆ. ಅದೃಷ್ಟಕ್ಕೆ ನಮ್ಮ ಕಾನೂನಿನ ಕನ್ನಡದಲ್ಲಿ ‘ತಕ್ಕದ್ದು’ ಎಂಬ ರೂಪ ನೆಲೆಗೊಂಡಿದೆ. ನಾನು ಕಡ್ಡಾಯಕ್ಕೆ ‘ತಕ್ಕದ್ದು’, ನಿಷೇಧಕ್ಕೆ ‘ತಕ್ಕದ್ದಲ್ಲ’, ಶಿಫಾರಸಿಗೆ ‘ಅಪೇಕ್ಷಣೀಯ’, ಅನುಮತಿಗೆ ಮಾತ್ರ ‘ಬಹುದು’ ಎಂದು ಮೊದಲ ಪುಟದಲ್ಲೇ ಘೋಷಿಸಿ, ಕೊನೆಯವರೆಗೂ ಅದಕ್ಕೆ ಅಂಟಿಕೊಳ್ಳುತ್ತೇನೆ. ಬಿಸಿಯ ಸಾಲು ಆಗ ಹೀಗಾಗುತ್ತದೆ: ‘ಪೂರ್ಣ ಹೊರೆಯಲ್ಲಿ 4 ಗಂಟೆ ಓಡಿಸಿದ ನಂತರ ಹೊರಕವಚದ ಯಾವುದೇ ಬಿಂದುವಿನ ಉಷ್ಣತೆಯು 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರತಕ್ಕದ್ದಲ್ಲ.’

‘ಪರೀಕ್ಷಿಸಲಾಗುವುದು’ ಎಂಬ ಕರ್ಮಣಿ ಪ್ರಯೋಗವೂ ಅಪಾಯಕಾರಿ, ಏಕೆಂದರೆ ಪರೀಕ್ಷಿಸುವವರು ಯಾರು, ಅದರ ಖರ್ಚು ಯಾರದು ಎಂಬುದು ಅದರಲ್ಲಿ ಅಡಗಿಹೋಗುತ್ತದೆ. ಕರ್ತೃವನ್ನು ಹೆಸರಿಸಿಯೇ ಬರೆಯಬೇಕು. ‘50ರವರೆಗೆ’ ಎಂದಾಗ 50 ಸೇರುತ್ತದೆಯೇ ಎಂಬ ಸಂದೇಹವನ್ನು ‘50 ಸೇರಿದಂತೆ’ ಎಂದು ಅಲ್ಲೇ ಪರಿಹರಿಸಬೇಕು. ಒಂದು ಅನುಕೂಲವೂ ನಮ್ಮ ವಾಕ್ಯಕ್ರಮದಲ್ಲಿದೆ. ಅವಶ್ಯಕತೆಗಳನ್ನು ಬರೆಯಲು ರೋಲ್ಸ್ ರಾಯ್ಸ್ ಕಂಪನಿಯಲ್ಲಿ ರೂಪುಗೊಂಡು 2009ರಲ್ಲಿ ಪ್ರಕಟವಾದ ಈಯರ್ಸ್ ಎಂಬ ವಾಕ್ಯಮಾದರಿಯು ಸಂದರ್ಭವನ್ನು ಮೊದಲು ಹೇಳಿ, ವ್ಯವಸ್ಥೆಯ ಪ್ರತಿಕ್ರಿಯೆಯನ್ನು ಆಮೇಲೆ ಹೇಳುವಂತೆ ಕಲಿಸುತ್ತದೆ. ಕನ್ನಡದಲ್ಲಿ ‘ಆದಾಗ’, ‘ಇರುವಾಗ’, ‘ಆದರೆ’ ಎಂಬ ಉಪವಾಕ್ಯಗಳು ಸಹಜವಾಗಿಯೇ ಮುಂದೆ ಬರುತ್ತವೆ. ಆದರೆ ವಿಧಿಸುವ ಕ್ರಿಯಾಪದ ಕಟ್ಟಕಡೆಗೆ ಬರುವುದರಿಂದ, ಎರಡು ವಿಶೇಷಣಗಳನ್ನು ‘ಮತ್ತು’ ಎಂದು ಕೂಡಿಸಿದರೆ ಓದುಗ ಮೊದಲನೆಯದನ್ನು ಕಡ್ಡಾಯವೆಂದು ಗುರುತಿಸದೆ ದಾಟಿಹೋಗುತ್ತಾನೆ. ಒಂದು ವಾಕ್ಯಕ್ಕೆ ಒಂದೇ ವಿಶೇಷಣ, ಅದಕ್ಕೊಂದು ಸಂಖ್ಯೆ.

ಆ ಸಂಖ್ಯೆಯ ವಿಷಯದಲ್ಲಿ ನಾನು ಹಟ ಹಿಡಿಯುವುದಕ್ಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯ ಪ್ರಕರಣ ಕಾರಣ. 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ಆ ನೌಕೆ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ತಂತ್ರಾಂಶವು ತಳ್ಳುಬಲದ ಪರಿಣಾಮವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಡುತ್ತಿತ್ತು, ಅದನ್ನು ಪಡೆಯುತ್ತಿದ್ದ ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡುಗಳೆಂದು ಓದುತ್ತಿತ್ತು, ವ್ಯತ್ಯಾಸ 4.45 ಪಟ್ಟು. ಗಮನಿಸಬೇಕಾದ ಸಂಗತಿಯೆಂದರೆ ಆ ಎರಡು ತಂತ್ರಾಂಶಗಳ ನಡುವಿನ ಸ್ಪೆಸಿಫಿಕೇಶನ್ ಮೆಟ್ರಿಕ್ ಮಾನವನ್ನೇ ವಿಧಿಸಿತ್ತು. ಸಾಲು ಸರಿಯಾಗಿತ್ತು, ಆದರೆ ಆ ಸಾಲನ್ನು ಹಿಡಿದು ತಂತ್ರಾಂಶವನ್ನು ನೋಡುವ ಕೆಲಸ ಕೊನೆಯವರೆಗೂ ಆಗಲಿಲ್ಲ. ಆದ್ದರಿಂದ ನನ್ನ ತಪಾಸಣಾ ವರದಿಯ ನಮೂನೆಯಲ್ಲಿ ಪ್ರತಿ ಅಳತೆಯ ಎದುರು ಅದು ಯಾವ ವಿಶೇಷಣದ ಸಂಖ್ಯೆಗೆ ಉತ್ತರ ಎಂಬ ಅಂಕಣವಿದೆ, ಮತ್ತು ವರದಿಯ ಕೊನೆಯಲ್ಲಿ ಉತ್ತರವಿಲ್ಲದೆ ಉಳಿದ ಸಂಖ್ಯೆಗಳನ್ನು ಪಟ್ಟಿ ಮಾಡುವ ಜಾಗವಿದೆ. ಆ ಜಾಗ ಖಾಲಿಯಾಗುವವರೆಗೆ ನಾನು ಸ್ವೀಕೃತಿ ಪತ್ರಕ್ಕೆ ಸಹಿ ಹಾಕುವುದಿಲ್ಲ.